ಹೆಂಚಿನಲ್ಲಿ ಉಳಿದ ಕೈ

ಮಂಗಳವಾರ ಬೆಳಿಗ್ಗೆ ಬಾರು ಫುಂದು ಊರಿನ ಹೆಂಚಿನ ಭಟ್ಟಿಯ ಎದುರು ಪೊಲೀಸರು ಜೆನಿವಾಲ್ದು ಗೋಯಿಸ್ ಎಂಬ ಐವತ್ತೆಂಟು ವರ್ಷದ ಮನುಷ್ಯನ ಕೈಗೆ ಕೋಳ ತೊಡಿಸಿದರು. ಕೋಳ ಜಾರಿ ಕೆಳಗೆ ಬಿತ್ತು. ಕೊನೆಯ ಹಲ್ಲಿಗೆ ಬಿಗಿದು ಮತ್ತೆ ತೊಡಿಸಿದರು. ಮತ್ತೆ ಬಿತ್ತು. ಆಮೇಲೆ ಕತ್ತೆ ಕಟ್ಟುವ ಹಗ್ಗ ತಂದು ಎರಡೂ ಮಣಿಕಟ್ಟು ಸೇರಿಸಿ ಕಟ್ಟಿ, ಅವನನ್ನು ಜೀಪಿನ ಹಿಂಭಾಗಕ್ಕೆ ಎತ್ತಿ ಹಾಕಿದರು.

"ಆ ಹಗ್ಗ ಎಲ್ಲಿದೆ?"

ಠಾಣಾಧಿಕಾರಿ ಅಡೆರ್ಬಾಲ್ ಮೆನೆಜೆಸ್ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಯಾರೂ ಕಾಣಲಿಲ್ಲ. ಆಮೇಲೆ ಮೇಜಿನ ಅಂಚಿನಿಂದ ಕೆಳಗೆ ಬಗ್ಗಿ ನೋಡಿದ.

"ಓ, ನೀವಾ ವಕೀಲಮ್ಮ! ಯಾವ ಹಗ್ಗ?"

"ನಿನ್ನೆ ನನ್ನ ಕಕ್ಷಿದಾರರನ್ನ ಕಟ್ಟಿದ್ದು."

"ಅದಾ? ಕತ್ತೆಯವನಿಗೆ ವಾಪಸ್ ಕೊಟ್ವಿ. ಪಾಪ, ಅವನ ಕತ್ತೆ ಓಡಿಹೋದ್ರೆ ನಾನು ಹುಡುಕಿಕೊಡಬೇಕಾಗುತ್ತೆ."

ಮೂಲೆಯಲ್ಲಿ ಪೇದೆ ಎಲಿಯೆಲ್ ಕಿಸಕ್ಕೆಂದ.

ಲೌಡೆಲೀನಾ ಫೊಂಟೆಸ್ ನಗಲಿಲ್ಲ. ಕಂಕುಳಲ್ಲಿದ್ದ ಗೋಣಿಚೀಲದ ಗಂಟನ್ನು ನೆಲಕ್ಕಿಳಿಸಿದಳು. ಗೋಡೆ ಪಕ್ಕದ ಕುರ್ಚಿಯನ್ನು ಕರಕರ ಸದ್ದಾಗುವಂತೆ ಎಳೆದು ತಂದು, ಹತ್ತಿ, ಮಂಡಿಯೂರಿ ಕೂತಳು. ಈಗ ಇಬ್ಬರ ಕಣ್ಣೂ ಒಂದೇ ಮಟ್ಟ.

ಬಡವರ ಪರ ವಾದಿಸುವ ಸರ್ಕಾರಿ ವಕೀಲೆ ಅವಳು. ನಲವತ್ತು ದಾಟಿದ ಹೆಂಗಸು. ಎತ್ತರ ನೋಡಿದರೆ ಶಾಲೆಗೆ ಹೋಗುವ ಹುಡುಗಿ, ಕಣ್ಣಂಚಿನ ಸುಕ್ಕು ನೋಡಿದರೆ ಅಜ್ಜಿ. ಫೋನ್ ಮಾಡಿದರೆ ಆ ಕಡೆಯವರು ಅವಳ ಸಣ್ಣ ದನಿ ಕೇಳಿ "ಅಮ್ಮನಿಗೆ ಕೊಡು ಪುಟ್ಟಾ" ಎನ್ನುತ್ತಾರೆ. ಆ ಭಟ್ಟಿ ಕಾಯುವ ಜೆನಿವಾಲ್ದು ಅವಳ ಸೋದರಮಾವ. ಅದೇ ಎತ್ತರ, ಅದೇ ದನಿ. ಗೋಯಿಸ್ ಮನೆತನದಲ್ಲಿ ಕೆಲವರಿಗೆ ಹುಟ್ಟುವಾಗಲೇ ಬೆಳವಣಿಗೆಯ ಹಾರ್ಮೋನು ಇರುವುದಿಲ್ಲ. ಒಳಗೊಳಗೇ ಮದುವೆಯಾಗುತ್ತ ಬಂದ ಊರಲ್ಲಿ ಅದು ತಲೆಮಾರುಗಳಿಂದ ಇಳಿದು ಬಂದಿದೆ. ಅವರನ್ನು ನೋಡಲು ಟೀವಿಯವರು ಬಂದರು, ಪಾದ್ರಿಗಳು ಬಂದರು, ಓಟು ಕೇಳುವವರು ಬಂದು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಎಲ್ಲರೂ ಅಳೆದರು. ಅಳೆಯದೆ ಬಿಟ್ಟವನೆಂದರೆ ಶವಪೆಟ್ಟಿಗೆ ಮಾಡುವ ಬಡಗಿ ಒಬ್ಬನೇ. ಅವನು ಕಣ್ಣಳತೆಯಲ್ಲೇ ಮುಗಿಸುತ್ತಾನೆ.

"ಮೂರು ಗಂಟೆಗೆ ಅರಕಾಜುವಿನಿಂದ ಜೈಲಿನ ವ್ಯಾನ್ ಬರುತ್ತೆ," ಎಂದ ಅಡೆರ್ಬಾಲ್. "ನಿಮ್ಮ ಪುಟ್ಟ ಜೆನಿಗೆ ಟಾಟಾ ಮಾಡೋಕೆ ಬಂದ್ರಾ?"

"ಮರ್ಯಾದೆ ಕೊಟ್ಟು ಸೆಯು ಜೆನಿವಾಲ್ದು ಅನ್ನಿ. ನಿಮಗಿಂತ ಹಿರಿಯರು."

"ಸರಿ, ಸೆಯು ಜೆನಿವಾಲ್ದು. ಹೆಸರಾದ್ರೂ ಉದ್ದ ಇರ್ಲಿ."

ಅರಕಾಜುವಿನ ಜೈಲು ಲೌಡೆಲೀನಾಗೆ ಗೊತ್ತಿತ್ತು. ನಾಲ್ಕು ಜನರ ಕೋಣೆಯಲ್ಲಿ ಹದಿನೈದು ಮಂದಿ. ಹೋದ ವರ್ಷ ಅಲ್ಲಿಗೆ ಹೋದ ಅವಳ ಕಕ್ಷಿದಾರನೊಬ್ಬ, ಆರಡಿ ಗಟ್ಟಿಮುಟ್ಟು ಆಳು, ವಾಪಸ್ ಬಂದಾಗ ಮಾತು ಬಿಟ್ಟಿದ್ದ. ಜೆನಿ ಮಾಮ ಅಲ್ಲಿ ಒಂದು ರಾತ್ರಿ ಕಳೆಯುವುದೂ ಕಷ್ಟ. ಮೂರರ ಒಳಗೆ ವ್ಯಾನು ನಿಲ್ಲಿಸಬೇಕು.

"ಹೆಂಚು ತೋರಿಸಿ," ಎಂದಳು.

ಎಲಿಯೆಲ್ ಬೀರುವಿನಿಂದ ಪತ್ರಿಕೆ ಸುತ್ತಿದ ಕೆಂಪು ನೆಲಹೆಂಚೊಂದನ್ನು ತಂದು ಮೇಜಿನ ಮೇಲಿಟ್ಟ. ಅದರ ನಟ್ಟನಡುವೆ ಆಳವಾಗಿ ಒತ್ತಿದ ಒಂದು ಬಲಗೈ.

ಎರಡು ವಾರದ ಹಿಂದೆ ಕಾರ್ಖಾನೆಯ ಮಾಲೀಕ ಗಿಲ್ದಾಸಿಯು ಪ್ರಾದು ಹೆಂಚು ಒಣಗಿಸುವ ಚಪ್ಪರದಲ್ಲಿ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಮಣ್ಣು ಬಡಿಯುವ ಕೊಡತಿ. ನೆಲದ ಮೇಲೆ ಸಾಲಾಗಿ ಹರಡಿದ್ದ ಹಸಿ ಹೆಂಚುಗಳಲ್ಲಿ, ಹೆಣದ ತಲೆಯ ಹತ್ತಿರದ ಒಂದರ ಮೇಲೆ ಮಾತ್ರ ಈ ಕೈ. ಬಗ್ಗಿ ನೋಡಿದವರು ಯಾರೋ ಮೇಲೇಳಲು ಊರಿದ ಕೈ.

"ಬೆರಳ ಗೆರೆ?"

"ಒಂದೂ ಇಲ್ಲ. ಅಚ್ಚಿಗೆ ಅಂಟದೆ ಇರ್ಲಿ ಅಂತ ಮರಳು ಉದುರಿಸಿರ್ತಾರಲ್ಲ, ಅದು ಎಲ್ಲ ತಿಂದುಬಿಟ್ಟಿದೆ." ಅಡೆರ್ಬಾಲ್ ಅಳತೆಪಟ್ಟಿಯನ್ನು ಕೈಗುರುತಿನ ಮೇಲಿಟ್ಟ. "ಗೆರೆ ಯಾಕೆ ಬೇಕು? ನೋಡಿ. ಮಣಿಕಟ್ಟಿಂದ ನಡುಬೆರಳ ತುದಿಗೆ ಹದಿನಾಲ್ಕು ಸೆಂಟಿಮೀಟರ್. ಮಕ್ಕಳನ್ನ ಆ ಚಪ್ಪರದ ಒಳಗೆ ಬಿಡಲ್ಲ. ಮಿಕ್ಕಿದ್ದು ನಿಮ್ಮವರು. ನಿಮ್ಮವರಲ್ಲಿ ಗಿಲ್ದಾಸಿಯುಗೆ ಹತ್ತು ಜನರ ಮುಂದೆ ಬೆದರಿಕೆ ಹಾಕಿದ್ದು ಒಬ್ಬನೇ."

ಅದು ಸುಳ್ಳಲ್ಲ. ಗಿಲ್ದಾಸಿಯು ಹೆದ್ದಾರಿಯ ಪಕ್ಕ ಬೋರ್ಡು ಹಾಕಿಸಿದ್ದ: 'ಬನ್ನಿ, ಕುಳ್ಳರ ಕೈಯ ಹೆಂಚು ನೋಡಿ'. ಬಸ್ಸಿನಲ್ಲಿ ಬಂದವರು ಚಪ್ಪರದ ಹಗ್ಗದಾಚೆ ನಿಂತು ಬಿಸ್ಕತ್ತು ತಿನ್ನುತ್ತ ನೋಡುತ್ತಿದ್ದರು. ಅವರ ಮುಂದೆಯೇ ಜೆನಿವಾಲ್ದು ಕೂಗಿದ್ದ: "ಆ ಬೋರ್ಡ್ ಇಳಿಸ್ತೀಯೋ, ನಿನ್ನನ್ನೇ ಮಣ್ಣಿಗಿಳಿಸ್ಲೋ?"

"ನಿನ್ನೆ ಅವನ ಕೈ ಇದರ ಮೇಲಿಟ್ಟು ನೋಡಿದ್ವಿ," ಎಂದ ಅಡೆರ್ಬಾಲ್. "ಬೀಗಕ್ಕೆ ಬೀಗದ ಕೈ ಕೂತ ಹಾಗೆ ಕೂತ್ಕೊಳ್ತು."

"ಅವರೇ ಇಟ್ರಾ, ನೀವು ಇಡಿಸಿದ್ರಾ?"

ಅಡೆರ್ಬಾಲ್ ಪೇದೆಯ ಕಡೆ ನೋಡಿದ. ಎಲಿಯೆಲ್ ಕತ್ತು ಕೆರೆದುಕೊಂಡ.

"ಮುಷ್ಟಿ ಬಿಡ್ಲಿಲ್ಲ ಮೇಡಂ. ಇಬ್ಬರು ಹಿಡ್ಕೊಂಡು ಒಂದೊಂದೇ ಬೆರಳು ಬಿಡಿಸಬೇಕಾಯ್ತು. ಆ ಮನುಷ್ಯನ ಕೈ ನೋಡೋಕೆ ಇಷ್ಟು. ಹಿಡಿತ ಮಾತ್ರ ಇಕ್ಕಳ."

"ಉಂಗುರಬೆರಳು ಎಲ್ಲಿ ಬಂತು?"

"ಅಂದ್ರೆ?"

"ಗುರುತಿನ ಉಂಗುರಬೆರಳ ತುದಿಗೆ ಸರಿಯಾಗಿ ಬಂತಾ, ದಾಟಿತಾ?"

"ಅಯ್ಯೋ, ಅದನ್ನ ಯಾರು ನೋಡ್ತಾರೆ ಮೇಡಂ? ಅವರು ಒದೀತಿದ್ರು. ಅಂಗೈ ಕೂತ್ಕೊಳ್ತು, ಸಾಕು ಅಂತ ಬಿಟ್ವಿ."

ಬಾಗಿಲಲ್ಲಿ ನೆರಳಾಡಿತು. ಜೆನಿವಾಲ್ದುವಿನ ಮಗಳು ರೊಜಿನೇಡಿ ನಿಂತಿದ್ದಳು, ಎದೆಗವಚಿಕೊಂಡ ಬಟ್ಟೆಗಂಟಿನಲ್ಲಿ ಊಟದ ಡಬ್ಬಿ. ತಾಯಿಯ ಕಡೆಯ ಎತ್ತರ ಅವಳಿಗೆ. ಸಂತೆಯಲ್ಲಿ ಅಪ್ಪ ಮಗಳು ಜೊತೆಗೆ ನಡೆದರೆ ಹೊರಗಿನವರು ಅಪ್ಪನನ್ನೇ ಮಗು ಅಂದುಕೊಳ್ಳುತ್ತಿದ್ದರು. ಜೆನಿವಾಲ್ದು ಬೇಕೆಂದೇ "ಅಮ್ಮಾ, ಪೆಪ್ಪರ್ಮಿಂಟು" ಎಂದು ಅವಳ ಲಂಗ ಜಗ್ಗಿ ಎಲ್ಲರನ್ನೂ ನಗಿಸುತ್ತಿದ್ದ.

ಇವತ್ತು ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಪ್ಪಂಗೆ ಊಟ," ಎಂದಳು. "ಜೋಳದ ಕುಸ್‌ಕುಸು, ಒಣಮಾಂಸ. ಬಿಸಿ ಇದೆ."

"ಫೋರ್ಕ್ ಇದ್ರೆ ತೆಗೆದುಬಿಡು. ಒಳಗೆ ಬಿಡಲ್ಲ," ಎಂದ ಎಲಿಯೆಲ್.

"ಚಮಚ ಹಾಕಿದೀನಿ."

"ಕೂತಿರಮ್ಮ ರೊಜಿ," ಎಂದಳು ಲೌಡೆಲೀನಾ. "ಅಪ್ಪ ನಿನ್ನ ಜೊತೆ ಮನೆಗೇ ಬಂದು ಊಟ ಮಾಡ್ತಾರೋ ಏನೋ."

ರೊಜಿ ಬೆಂಚಿನ ತುದಿಯಲ್ಲಿ ಕೂತಳು. ಡಬ್ಬಿಯನ್ನು ಮಡಿಲಲ್ಲಿಟ್ಟು ಎರಡೂ ಕೈಯನ್ನು ಬಟ್ಟೆಯೊಳಗೆ ಹುದುಗಿಸಿಕೊಂಡಳು. ಗಿಲ್ದಾಸಿಯು ಮನೆಯಲ್ಲಿ ಅಡುಗೆಗೆ ಹೋಗುತ್ತಿದ್ದವಳು. ಅವನು ಸಾಯುವ ಮುಂಚಿನ ದಿನವೇ ಕೆಲಸ ಬಿಟ್ಟಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ "ಇನ್ಮೇಲೆ ಆ ಮನೆಗೆ ಹೋಗಲ್ಲ" ಎಂದಷ್ಟೇ ಹೇಳಿದ್ದಳು.

ಲೌಡೆಲೀನಾ ಹೆಂಚಿನ ಕಡೆ ತಿರುಗಿದಳು. ಹತ್ತಿರಕ್ಕೆ ಬಗ್ಗಿ, ಉಸಿರು ತಾಗುವಷ್ಟು ಹತ್ತಿರ, ಒಂದೊಂದೇ ಬೆರಳು ನೋಡಿದಳು. ಮಡಿಚಿಲ್ಲ, ಜಾರಿಲ್ಲ. ಬುಡದ ಗೆರೆಯಿಂದ ತುದಿಯವರೆಗೆ ಒಂದೇ ಆಳ. ತೋರುಬೆರಳು ಉಂಗುರಬೆರಳನ್ನು ಸ್ಪಷ್ಟವಾಗಿ ದಾಟಿ ನಿಂತಿತ್ತು.

ಆ ಎರಡು ಬೆರಳಿನ ಲೆಕ್ಕ ಅವಳಿಗೆ ಹಳೆಯದು.

ಅವಳಿಗೆ ಹತ್ತೊಂಬತ್ತಾಗಿದ್ದಾಗ ಚರ್ಚಿನ ಪಕ್ಕದ ಶಾಲೆಯಲ್ಲಿ ಗೋಯಿಸ್ ಮನೆತನದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ರಾಜಧಾನಿಯಿಂದ ಬಂದ ವೈದ್ಯರು ಎತ್ತರ ಅಳೆದರು, ತೂಕ ಅಳೆದರು, ತಲೆಯ ಸುತ್ತಳತೆ, ನಡುವಿನ ಸುತ್ತಳತೆ. ಕೊನೆಗೆ ಬೆರಳು. ಸಿಬೆಲಿ ಬಾರೆತು ಎಂಬ ಎಳೆಯ ವೈದ್ಯೆ ಉಕ್ಕಿನ ಸಣ್ಣ ಮಾಪಕ ಹಿಡಿದು ಎರಡೇ ಬೆರಳು ಅಳೆಯುತ್ತಿದ್ದಳು.

"ಇದ್ಯಾಕೆ?" ಎಂದು ಕೇಳಿದ್ದಳು ಲೌಡೆಲೀನಾ.

"ತೋರುಬೆರಳಿನ ಉದ್ದವನ್ನ ಉಂಗುರಬೆರಳಿನ ಉದ್ದದಿಂದ ಭಾಗಿಸ್ತೀವಿ. ಆ ಲೆಕ್ಕ ಬಹುಮಟ್ಟಿಗೆ ತಾಯಿ ಹೊಟ್ಟೆಯಲ್ಲೇ ತೀರ್ಮಾನ ಆಗಿರುತ್ತೆ. ಆಮೇಲೆ ನೀವು ಬೆಳೀರಿ, ಬಿಡಿ, ಅದು ಹೆಚ್ಚುಕಮ್ಮಿ ಹಾಗೇ ಇರುತ್ತೆ."

"ಇದರಿಂದ ನಮಗೇನು ಉಪಯೋಗ?"

ಸಿಬೆಲಿ ಮಾಪಕ ಕೆಳಗಿಳಿಸಿ ಅವಳ ಮುಖ ನೋಡಿದ್ದಳು. "ನಿಮಗೆ? ಏನೂ ಇಲ್ಲ," ಎಂದಿದ್ದಳು. ಅಷ್ಟು ಜನ ಅಳೆದವರಲ್ಲಿ ನಿಜ ಹೇಳಿದವಳು ಅವಳೊಬ್ಬಳೇ.

ಮುಂದಿನ ಸರದಿ ಜೆನಿ ಮಾಮನದು. ಅವನ ಉಂಗುರಬೆರಳು ತೋರುಬೆರಳಿಗಿಂತ ಎದ್ದು ಕಾಣುವಷ್ಟು ಉದ್ದ. ವೈದ್ಯೆ ಅದನ್ನು ಗಟ್ಟಿಯಾಗಿ ಹೇಳಿ ಬರೆಸಿದಳು. ಅಂದಿನಿಂದ ಪ್ರತಿ ಮದುವೆಮನೆಯಲ್ಲೂ ಎರಡು ಲೋಟ ಒಳಗಿಳಿದ ಮೇಲೆ ಜೆನಿ ಮಾಮ ಕೈಯೆತ್ತಿ ಘೋಷಿಸುತ್ತಿದ್ದ: "ಸರ್ಕಾರಿ ಡಾಕ್ಟರೇ ಹೇಳಿದಾರೆ, ಜೆನಿವಾಲ್ದುಗೂ ಉದ್ದ ಇರೋದು ಒಂದಿದೆ ಅಂತ!" ಹೆಂಗಸರು ಸೆರಗಿಲ್ಲದಿದ್ದರೂ ಮುಖ ಮುಚ್ಚಿಕೊಳ್ಳುತ್ತಿದ್ದರು.

ಇದು ಜೆನಿ ಮಾಮನ ಕೈಯಲ್ಲ.

ಆದರೆ ಇಷ್ಟು ಚಿಕ್ಕ ಕೈ ಮತ್ತೆ ಯಾರದು?

ಅದರ ಉತ್ತರ ಗೋಣಿಚೀಲದಲ್ಲಿತ್ತು. ಬೆಳಿಗ್ಗೆ ಅವಳು ಚಪ್ಪರಕ್ಕೆ ಹೋಗಿ ಅಚ್ಚಿನ ಮರದ ಚೌಕಟ್ಟೊಂದನ್ನೂ ಒಂದು ಮುದ್ದೆ ಹಸಿ ಮಣ್ಣನ್ನೂ ಕೇಳಿ ತಂದಿದ್ದಳು. ಕೊಟ್ಟವನು ಸತ್ತವನ ತಮ್ಮ ಎವೆರಾಲ್ದು. ಕೊಡುವಾಗ ಗೊಣಗಿದ್ದ: "ವಕೀಲಿ ಬಿಟ್ಟು ಹೆಂಚು ತಟ್ಟೋಕೆ ಬರ್ತೀಯಾ? ಕೆಳಸಾಲಿಗೆ ನಿನ್ನಂಥೋರೇ ಬೇಕು, ಬಗ್ಗೋದೇ ಬೇಡ." ಅಣ್ಣತಮ್ಮಂದಿರಿಗೆ ಮಣ್ಣಿನ ಹೊಂಡದ ವಿಷಯದಲ್ಲಿ ಆಗಿಬರುತ್ತಿರಲಿಲ್ಲ. ಜೆನಿವಾಲ್ದು ಹೆಸರನ್ನು ಪೊಲೀಸರಿಗೆ ಮೊದಲು ಹೇಳಿದವನೂ ಅವನೇ.

"ಸಾಹೇಬ್ರೆ, ಹೆಣ ಸಿಕ್ಕಾಗ ಈ ಹೆಂಚು ಯಾವ ಬಣ್ಣ ಇತ್ತು?"

"ಬೂದು. ಹಸಿ ಮಣ್ಣು."

"ಈಗ?"

"ಕೆಂಪು. ಸುಡಿಸಿದ್ವಲ್ಲ." ಅಡೆರ್ಬಾಲ್‌ಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಹಸಿ ಹೆಂಚನ್ನ ಜೀಪಲ್ಲಿ ಹಾಕಿದ್ರೆ ಠಾಣೆ ಸೇರೋದ್ರೊಳಗೆ ಮುದ್ದೆ ಆಗುತ್ತೆ. ಸಾಕ್ಷಿ ಕೆಡಬಾರದು ಅಂತ ಭಟ್ಟಿಗೆ ಹಾಕ್ಸಿದ್ವಿ. ಫೋಟೋನೂ ತೆಗೆದಿದೀವಿ."

"ಫೋಟೋದಲ್ಲಿ ಪಕ್ಕ ಅಳತೆಪಟ್ಟಿ ಇಟ್ಟಿದ್ರಾ?"

ಎಲಿಯೆಲ್ ಮತ್ತೆ ಕತ್ತು ಕೆರೆದುಕೊಂಡ.

ಅಡೆರ್ಬಾಲ್ ಸಮುದ್ರದಂಡೆಯ ಊರಿನವನು. ಮೀನಿನ ಲೆಕ್ಕ ಗೊತ್ತು, ಮಣ್ಣಿನ ಲೆಕ್ಕ ಗೊತ್ತಿಲ್ಲ. ಬಾರು ಫುಂದುವಿನವರಿಗೋ, ಉಳಿಸಿಕೊಳ್ಳಬೇಕಾದ್ದನ್ನೆಲ್ಲ ಸುಡುವುದು ಅಭ್ಯಾಸ. ಮಗುವಿನ ಮೊದಲ ಹೆಜ್ಜೆಗುರುತು, ಮದುಮಕ್ಕಳ ಹೆಸರು, ಸತ್ತ ನಾಯಿಯ ಪಂಜ, ಎಲ್ಲವನ್ನೂ ಹಸಿ ಹೆಂಚಿನಲ್ಲಿ ಒತ್ತಿ ಭಟ್ಟಿಗೆ ಹಾಕಿ ಗೋಡೆಗೆ ಸಿಕ್ಕಿಸುತ್ತಾರೆ. ಈ ಊರಿನಲ್ಲಿ ಕೊಲೆಯ ಸಾಕ್ಷಿಯನ್ನು ಸುಟ್ಟರೂ ಯಾರ ಹುಬ್ಬೂ ಏರಲಿಲ್ಲ.

ಲೌಡೆಲೀನಾ ಅಚ್ಚಿನ ಚೌಕಟ್ಟನ್ನು ಮೇಜಿನ ಮೇಲಿಟ್ಟಳು.

"ಆ ದಿನದ ಹೆಂಚುಗಳನ್ನ ತಟ್ಟಿದ್ದು ಈ ಅಚ್ಚಿನಲ್ಲೇ. ಹಸಿ ಹೆಂಚು ಇದರೊಳಗೆ ಬಿಗಿಯಾಗಿ ತುಂಬಿರುತ್ತೆ. ಈಗ ನಿಮ್ಮ ಸಾಕ್ಷಿಯನ್ನ ಇದರೊಳಗೆ ಇಡಿ."

"ಯಾಕೆ?"

"ಇಡಿ ಅಂದೆನಲ್ಲ."

ಅಡೆರ್ಬಾಲ್ ಇಟ್ಟ. ಲೌಡೆಲೀನಾ ಚೌಕಟ್ಟನ್ನು ಹಿಡಿದು ಅಲ್ಲಾಡಿಸಿದಳು. ಹೆಂಚು ಕಟಕಟ ಎಂದು ಆ ಬದಿಗೂ ಈ ಬದಿಗೂ ಬಡಿಯಿತು. ಸುತ್ತಲೂ ಬೆರಳು ತೂರುವಷ್ಟು ಸಂದು.

ಬೆಂಚಿನ ಮೇಲೆ ಊಟದ ಡಬ್ಬಿಯ ಮುಚ್ಚಳ ಒಮ್ಮೆ ಸದ್ದಾಯಿತು.

"ಒಣಗಿದಾಗ ಸ್ವಲ್ಪ, ಸುಟ್ಟಾಗ ಇನ್ನು ಸ್ವಲ್ಪ. ಮಣ್ಣು ಕುಗ್ಗುತ್ತೆ ಸಾಹೇಬ್ರೆ. ಅದಕ್ಕೇ ಅಚ್ಚನ್ನ ದೊಡ್ಡದು ಮಾಡ್ತಾರೆ. ಹೆಂಚು ಕುಗ್ಗಿದ್ರೆ ಅದರಲ್ಲಿರೋ ಕೈಯೂ ಕುಗ್ಗುತ್ತೆ. ನೀವು ಅಳೆದದ್ದು ಕೊಲೆಗಾರನ ಕೈನ ಅಲ್ಲ. ಭಟ್ಟಿ ಮಾಡಿಕೊಟ್ಟ ಕೈನ."

ಅಡೆರ್ಬಾಲ್ ಪೇದೆಯ ಕಡೆ ತಿರುಗಿದ. "ಕುಗ್ಗುತ್ತಾ?"

"ಕುಗ್ಗುತ್ತೆ ಸಾರ್," ಎಂದ ಎಲಿಯೆಲ್, ಅವನೂ ಇದೇ ಊರಿನವನು.

"ಮತ್ತೆ ಹೇಳ್ಲಿಲ್ವಲ್ಲೋ!"

"ನೀವು ಕೇಳ್ಲಿಲ್ಲ ಸಾರ್. ಕೈ ಚಿಕ್ಕದು, ಕುಳ್ಳಂದೇ ಅಂತ ನೀವೇ ಅಂದ್ರಿ. ನಾನೂ ಹೌದು ಅಂದ್ಕೊಂಡೆ."

ಅದೇ ಸಂಗತಿ. ಕೈ ಚಿಕ್ಕದು ಅನ್ನುವಷ್ಟರಲ್ಲಿ ಎಲ್ಲರ ಬುದ್ಧಿಯೂ ನಿಂತುಬಿಟ್ಟಿತ್ತು. ಬೇರೆ ಯಾವ ಊರಲ್ಲಾದರೂ ಇನ್ನೊಂದು ಸಲ ಯೋಚಿಸುತ್ತಿದ್ದರು. ಇಲ್ಲಿ ಕುಳ್ಳರಿದ್ದರು. ಯೋಚಿಸುವ ಗೋಜಿಲ್ಲ, ಕಟ್ಟಲು ಹಗ್ಗ ಒಂದಿದ್ದರೆ ಸಾಕು.

ಅಡೆರ್ಬಾಲ್ ಕುರ್ಚಿಗೆ ಒರಗಿದ. ಅವನು ಮೂರ್ಖನಲ್ಲ, ಅದು ಲೌಡೆಲೀನಾಗೆ ಗೊತ್ತಿತ್ತು, ಭಯವೂ ಅದರದೇ.

"ಸರಿ. ಕೈ ಹದಿನಾಲ್ಕಲ್ಲ, ಹದಿನಾರು ಅಂದ್ಕೊಳ್ಳೋಣ. ಹಸಿ ಮಣ್ಣಲ್ಲಿ ಒತ್ತಿದ್ರೆ ಕೈ ಅಗಲ ಆಗುತ್ತೆ, ಜರುಗುತ್ತೆ. ಇದು ಅವನ ಕೈ ಅಲ್ಲ ಅಂತ ಇದರಿಂದ ಸಾಬೀತಾಗಲ್ಲ. ನ್ಯಾಯಾಧೀಶರು ಮಧ್ಯಾಹ್ನದ ನಿದ್ದೆಯಿಂದ ಏಳೋದೇ ಇಲ್ಲ ಇಷ್ಟಕ್ಕೆ."

"ಉದ್ದ ಬಿಡಿ. ಭಟ್ಟಿ ಇಡೀ ಕೈಯನ್ನ ಒಟ್ಟಿಗೇ ಕುಗ್ಗಿಸುತ್ತೆ. ಯಾವ ಬೆರಳು ಯಾವ ಬೆರಳಿಗಿಂತ ಉದ್ದ ಅನ್ನೋದನ್ನ ಬದಲಾಯಿಸೋಕೆ ಅದಕ್ಕೂ ಆಗಲ್ಲ."

ಅವಳು ಫೋನು ತೆಗೆದು ಸಿಬೆಲಿ ಬಾರೆತು ನಂಬರು ಒತ್ತಿದಳು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಲೌಡೆ? ಹೇಳು," ಎಂದಿತು ಪರಿಚಿತ ದನಿ. ಇಪ್ಪತ್ತು ವರ್ಷಗಳಲ್ಲಿ ಸಿಬೆಲಿ ಅವಳನ್ನು ಒಮ್ಮೆಯೂ ಪುಟ್ಟಾ ಎಂದಿರಲಿಲ್ಲ.

ಲೌಡೆಲೀನಾ ಗುರುತನ್ನು ವಿವರಿಸಿದಳು. ಅಡೆರ್ಬಾಲ್ ಫೋನಿನ ಕಡೆ ಬಗ್ಗಿದ.

"ಡಾಕ್ಟ್ರೇ, ಈ ಬೆರಳ ಲೆಕ್ಕ ನೋಡಿ ಇವನೇ ಕೊಲೆಗಾರ ಅಂತ ಹೇಳಬಹುದಾ?"

"ಖಂಡಿತ ಆಗಲ್ಲ. ಅದೇ ಲೆಕ್ಕ ಊರಲ್ಲಿ ನೂರು ಜನಕ್ಕಿರುತ್ತೆ. ಗಂಡು ಹೆಣ್ಣು ಅಂತಲೂ ಹೇಳೋಕಾಗಲ್ಲ. ಯಾರಾದ್ರೂ ಹೇಳಿದ್ರೆ ನಂಬಬೇಡಿ."

"ಮತ್ತೆ ಇದರಿಂದೇನು ಪ್ರಯೋಜನ?"

"ಹಿಡಿಯೋಕೆ ಸಾಲದು. ಬಿಡೋಕೆ ಸಾಕಾಗಬಹುದು. ಉಂಗುರಬೆರಳು ಎದ್ದು ಕಾಣೋಷ್ಟು ಉದ್ದ ಇರೋನು, ಬೆರಳು ಮಡಿಚದೆ ಕೈ ಊರಿ, ತೋರುಬೆರಳು ಉದ್ದ ಇರೋ ಗುರುತು ಬಿಡೋದು ಹೇಗೆ ಸಾಹೇಬ್ರೆ?"

"ಈ ಹಾರ್ಮೋನಿನ ತೊಂದರೆಯಿಂದ ಬೆರಳು ಹಿಂದೆಮುಂದೆ ಆಗಲ್ವಾ?"

"ಅವರ ಬೆರಳುಗಳೆಲ್ಲ ಚಿಕ್ಕದು. ಅವುಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅನ್ನೋದು ನಿಮ್ಮ ಹಾಗೇ, ನನ್ನ ಹಾಗೇ, ಒಬ್ಬೊಬ್ಬರಿಗೆ ಒಂದೊಂದು ಥರ. ಅವರೂ ಮನುಷ್ಯರು ನೋಡಿ."

ಅಡೆರ್ಬಾಲ್ ತನಗೇ ಗೊತ್ತಿಲ್ಲದೆ ತನ್ನ ಬಲಗೈ ಬಿಡಿಸಿ ನೋಡಿಕೊಂಡ. ಎಲಿಯೆಲ್ ಕೂಡ ನೋಡಿಕೊಂಡ. ಗಡಿಯಾರ ಎರಡೂವರೆ ದಾಟಿತ್ತು.

ಲೌಡೆಲೀನಾ ಗೋಣಿಚೀಲದಿಂದ ಹಸಿ ಮಣ್ಣಿನ ಮುದ್ದೆ ತೆಗೆದು, ಅಚ್ಚಿಗೆ ತುಂಬಿ, ಅಂಗೈಯಿಂದ ತಟ್ಟಿ ಮಟ್ಟಮಾಡಿ, ಚಿಟಿಕೆ ಮರಳು ಉದುರಿಸಿದಳು. ವಕೀಲಿಗೆ ಮುಂಚೆ ಅವಳ ಕೈಯೂ ಇದೇ ಕೆಲಸ ಮಾಡಿತ್ತು.

"ಸೆಯು ಜೆನಿವಾಲ್ದು ಇದರ ಮೇಲೆ ಕೈ ಊರ್ಲಿ. ನಿಮ್ಮೆದುರಿಗೇ. ಸುಡೋದು ಬೇಡ. ಎರಡು ಬೆರಳು ನೋಡಿ ಸಾಕು."

ಅಡೆರ್ಬಾಲ್ ಹಸಿ ಮಣ್ಣನ್ನೂ ಗಡಿಯಾರವನ್ನೂ ನೋಡಿದ.

"ಬೇರೆ ಬಂದ್ರೆ ವ್ಯಾನ್ ಖಾಲಿ ಕಳಿಸ್ತೀನಿ. ನ್ಯಾಯಾಧೀಶರಿಗೆ ನಾನೇ ಫೋನ್ ಮಾಡ್ತೀನಿ," ಎಂದ. "ಎಲಿಯೆಲ್, ಕರ್ಕೊಂಡು ಬಾ. ಹಗ್ಗ ಬೇಡ."

ಜೆನಿವಾಲ್ದು ನಡೆದೇ ಬಂದ. ಮಣಿಕಟ್ಟುಗಳಲ್ಲಿ ಹಗ್ಗದ ಬರೆ. ಬಂದವನೇ ಮೊದಲು ಮಗಳ ಕಡೆ ನೋಡಿದ. ಆಮೇಲೆ ಮೇಜು. ಆಮೇಲೆ ಲೌಡೆಲೀನಾ.

"ಏನ್ ಕೂಸೇ, ಠಾಣೇಲಿ ಹೆಂಚಿನ ಅಂಗಡಿ ಇಟ್ಟಿದೀಯಾ?"

"ಕುರ್ಚಿ ಹತ್ತು ಮಾಮ. ಒಂದೇ ಒಂದು ಸಲ ಇದರ ಮೇಲೆ ಬಲಗೈ ಊರು. ಮನೆಗೆ ಹೋಗೋಣ."

ಅವನು ಕುರ್ಚಿ ಹತ್ತಿದ. ಒಂದು ಕಡೆ ಬೂದು ಬಣ್ಣದ ಹಸಿ ಹೆಂಚು, ಇನ್ನೊಂದು ಕಡೆ ಕೆಂಪು ಹೆಂಚು. ಕೆಂಪು ಹೆಂಚಿನ ಕೈಯನ್ನು ಅವನು ನೋಡಿದ ರೀತಿ ಲೌಡೆಲೀನಾಗೆ ವಿಚಿತ್ರ ಅನ್ನಿಸಿತು. ತೊಟ್ಟಿಲೊಳಗೆ ಇಣುಕಿ ನೋಡುವವರ ಹಾಗೆ ನೋಡುತ್ತಿದ್ದ.

ಅವನ ಬಲಗೈ ಮುಷ್ಟಿಯಾಗಿಯೇ ಇತ್ತು.

"ಹೆದರಬೇಡ ಮಾಮ, ಯಾರೂ ಬೆರಳು ಮುಟ್ಟಲ್ಲ. ನಿನಗೆ ಮೋಸ ಆಗಿದೆ, ಅದನ್ನ ಇವರಿಗೆ ತೋರಿಸಿ ಆಗಿದೆ. ಸುಟ್ಟರೆ ಕೈ ಚಿಕ್ಕದಾಗುತ್ತೆ ಅಂತ ಗೊತ್ತಿದ್ದೇ ಯಾರೋ ಸಾಹೇಬ್ರಿಗೆ ಈ ಸಲಹೆ ಕೊಟ್ಟಿದಾರೆ. ಕೈನ ನಮ್ಮ ಅಳತೆಗೆ ಇಳಿಸಿ ನಮ್ಮ ತಲೆಗೆ ಕಟ್ಟೋಕೆ." ಅವಳು ಅಡೆರ್ಬಾಲ್ ಕಡೆ ತಿರುಗಿದಳು. "ಎವೆರಾಲ್ದು ತಾನೇ? ಹೆಂಚನ್ನ ಭಟ್ಟಿಗೆ ಹಾಕಿ ಅಂದೋನು ಅವನೇ ಅಲ್ವಾ?"

"ಅಲ್ಲ ಮೇಡಂ," ಎಂದ ಎಲಿಯೆಲ್.

"ಅಲ್ವಾ?"

"ಎವೆರಾಲ್ದು ಅವತ್ತು ಅಣ್ಣನ ಹೆಣದ ಜೊತೆ ಆಸ್ಪತ್ರೆಗೆ ಹೋಗಿದ್ದ. ಇದನ್ನ ಹೇಗಪ್ಪಾ ಸಾಗಿಸೋದು ಅಂತ ನಾವು ತಲೆ ಚಚ್ಕೊಳ್ತಾ ಇದ್ವಿ. ಆಗ ಸೆಯು ಜೆನಿವಾಲ್ದುನೇ ಬಂದು, 'ಕೊಡಿ ಇಲ್ಲಿ, ನಾನು ಸುಟ್ಟುಕೊಡ್ತೀನಿ' ಅಂದ್ರು." ಎಲಿಯೆಲ್ ದನಿಯಲ್ಲಿ ಮೆಚ್ಚುಗೆಯಿತ್ತು. "ಹಸಿ ಹೆಂಚು ಬಿರುಕು ಬಿಡುತ್ತೆ ಅಂತ ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ, ದಿನಾ ತಿರುವಿ ಹಾಕಿ, ಕೂಸನ್ನ ನೋಡ್ಕೊಂಡ ಹಾಗೆ ನೋಡ್ಕೊಂಡ್ರು. ಭಟ್ಟಿಯಲ್ಲಿ ಬೆಂಕಿ ಜಾಸ್ತಿ ಇರೋ ಜಾಗ ಹುಡುಕಿ ಇಟ್ರು."

ಬೆಂಕಿ ಜಾಸ್ತಿ ಇರುವ ಜಾಗ. ಎಲ್ಲಕ್ಕಿಂತ ಹೆಚ್ಚು ಕುಗ್ಗುವ ಜಾಗ.

ಲೌಡೆಲೀನಾ ಮಾಮನ ಮುಖ ನೋಡಿದಳು. ಇಡೀ ಬೆಳಿಗ್ಗೆ ಕಟ್ಟಿಕೊಂಡು ಬಂದಿದ್ದ ಮಾತು ಅವಳ ಕೈಯಿಂದಲೇ ಕಳಚಿ ಬಿತ್ತು. ಭಟ್ಟಿ ಕಾಯುವ ಮನುಷ್ಯ. ಮಣ್ಣು ಎಷ್ಟು ಕುಗ್ಗುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವನು. ಅವನೇ ಆ ಕೈಯನ್ನು ತನ್ನ ಅಳತೆಗೆ ಇಳಿಸಿದ್ದ. ಆಗಿನ್ನೂ ಅವನ ಮೇಲೆ ಯಾರೂ ಅಪರಾಧ ಹೊರಿಸಿರಲಿಲ್ಲ. ಅವನೇ ಬೆಂಕಿಯಿಟ್ಟು ಅದನ್ನು ತನ್ನ ಮೈಗೆ ಒಪ್ಪುವಂತೆ ಹೊಲಿಸಿಕೊಂಡಿದ್ದ.

ಯಾರಿಗಾಗಿ?

ಬೆಂಚಿನಿಂದ ರೊಜಿ ಎದ್ದಿದ್ದಳು. "ಅಪ್ಪಾ, ಊಟ ಆರಿಹೋಗುತ್ತೆ," ಎಂದಳು. ಡಬ್ಬಿಗೆ ಸುತ್ತಿದ ಬಟ್ಟೆ ಬಿಚ್ಚಿ ನೆಲಕ್ಕೆ ಜಾರಿತು. ಅಲ್ಯುಮಿನಿಯಂ ಮುಚ್ಚಳದ ಮೇಲೆ ಅವಳ ಬಲಗೈ ಚಪ್ಪಟೆಯಾಗಿ ಒತ್ತಿಕೊಂಡಿತ್ತು.

ಲೌಡೆಲೀನಾ ಆ ಕೈ ನೋಡಿದಳು. ಎರಡು ಬೆರಳು ನೋಡಿದಳು.

ನೋಡಬಾರದಿತ್ತು ಅನ್ನಿಸಿತು. ಅದೇ ಲೆಕ್ಕ ಊರಲ್ಲಿ ನೂರು ಜನಕ್ಕಿರುತ್ತೆ ಎಂದಿದ್ದಳು ಸಿಬೆಲಿ. ಆ ಮಾತನ್ನು ಲೌಡೆಲೀನಾ ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಈ ಹೆಂಚಿನ ಮೇಲೆ ಮಾಮನ ಕೈ ಬಿದ್ದರೆ ಅವನು ಬಿಡುಗಡೆ. ಆಮೇಲೆ ಅಡೆರ್ಬಾಲ್ ತೋರುಬೆರಳು ಉದ್ದ ಇರುವ ಇನ್ನೊಂದು ಕೈ ಹುಡುಕಲು ಹೊರಡುತ್ತಾನೆ. ದೂರ ಹೋಗಬೇಕಾಗಿಯೂ ಇಲ್ಲ. ಹುಡುಕುವ ವಿದ್ಯೆಯನ್ನು ಅವನಿಗೆ ಕಲಿಸಿದವಳು ತಾನೇ.

"ಏನ್ರೀ, ಕೈ ಇಡಿ," ಎಂದ ಅಡೆರ್ಬಾಲ್. ಅವನ ದನಿ ಬದಲಾಗಿತ್ತು. ಅವನು ಇನ್ನೂ ಬೆಂಚಿನ ಕಡೆ ನೋಡಿರಲಿಲ್ಲ. "ವಕೀಲಮ್ಮನೇ ಹೇಳ್ತಿದಾರಲ್ಲ. ಒಂದು ಸಲ ಕೈ ಊರಿದ್ರೆ ಮನೆಗೆ."

ಜೆನಿವಾಲ್ದು ಲೌಡೆಲೀನಾಳನ್ನೇ ನೋಡುತ್ತಿದ್ದ. ಅವಳಿಗೆ ತಿಳಿದುಹೋಯಿತು ಎನ್ನುವುದು ಅವನಿಗೂ ತಿಳಿದಿತ್ತು. ಕೈ ಊರು ಅಂದರೆ ರೊಜಿ ಹೋಗುತ್ತಾಳೆ, ಬೇಡ ಅಂದರೆ ಮಾಮ.

ಹೊರಗೆ ವ್ಯಾನು ಬಂದು ನಿಂತ ಸದ್ದು.

"ಕೈ ಇಡು!" ಅಡೆರ್ಬಾಲ್ ಮೇಜು ಗುದ್ದಿದ. ಹಸಿ ಹೆಂಚು ನಡುಗಿತು.

ಜೆನಿವಾಲ್ದು ಬಲ ಮುಷ್ಟಿಯನ್ನು ಎಡಗೈಯಿಂದ ಮುಚ್ಚಿ ಎದೆಗೆ ಒತ್ತಿಕೊಂಡ.

"ಕೇಳಿದವರಿಗೆಲ್ಲ ಕೊಟ್ಟೆ ಈ ಕೈನ," ಎಂದ, ಅದೇ ಸಣ್ಣ ದನಿಯಲ್ಲಿ. "ಡಾಕ್ಟ್ರು ಕೇಳಿದ್ರು, ಕೊಟ್ಟೆ. ಟೀವಿಯೋರು ಕೇಳಿದ್ರು, ಕೊಟ್ಟೆ. ನಿನ್ನೆ ನೀವು ಕಿತ್ಕೊಂಡ್ರಿ. ಇವತ್ತು ಇಡಲ್ಲ ಸಾಹೇಬ್ರೆ. ಕತ್ತರಿಸಿದ್ರೂ ಇಡಲ್ಲ."